ಲೈಟ್ ಒಂದೇ, ರೋಗ ಎರಡು

ನನ್ನ ಕಾರು ಚೆನ್ನಾಗಿಯೇ ಓಡುತ್ತಿತ್ತು. ಸದ್ದಿಲ್ಲ, ಅದುರಿಲ್ಲ, ಮೈಲೇಜೂ ಇಳಿದಿರಲಿಲ್ಲ. ಆದರೂ ಚೆಕ್ ಎಂಜಿನ್ ಲೈಟ್ ಹತ್ತಿಕೊಂಡು ಕೂತಿತ್ತು. ಕಾರು ನಿಂತುಹೋದರೆ ತಳ್ಳುವುದಕ್ಕೆ ಯಾರೂ ಬರುವುದಿಲ್ಲ, ಲೈಟ್ ಹತ್ತಿದರೆ ಮಾತ್ರ ಸಲಹೆ ಕೊಡೋಕೆ ಎಲ್ಲರೂ ಬರುತ್ತಾರೆ. ಶೀನ ಬಂದ, ಮಂಜ ಬಂದ, ಗಾಡಿ ರಿಪೇರಿ ಕಲಿತಿರುವ ವತ್ಸಲಾನೂ ಬಂದಳು.

ಶೀನ ಜೇಬಿನಿಂದ ಸ್ಕ್ಯಾನರ್ ತೆಗೆದ. ಹೊಸದಾಗಿ ಕೊಂಡಿದ್ದ. ಅದು ಕೈಗೆ ಬಂದಾಗಿನಿಂದ ಸಿಕ್ಕಿದವರ ಕಾರಿನ ನಾಡಿ ನೋಡುವುದೇ ಅವನ ಕೆಲಸ.

"ಪಿ0456. ಇವಾಪ್ ಸಿಸ್ಟಮ್, ತುಂಬಾ ಸಣ್ಣ ಲೀಕ್."

"ಎಲ್ಲಿ?"

"ಅದನ್ನ ಹೇಳೋದಿಲ್ಲ."

"ಮತ್ತೆ ಆ ಡಬ್ಬಿ ಯಾಕೆ?"

ವತ್ಸಲಾ ನಡುವೆ ಬಾಯಿ ಹಾಕಿದಳು. ಸ್ಕ್ಯಾನರ್ ತೋರಿಸುವ ಈ ಕೋಡ್ ಅಂದರೆ ಮಗು ಅತ್ತ ಹಾಗೆ. ಹೊಟ್ಟೆ ನೋವೋ, ಇರುವೆ ಕಚ್ಚಿತೋ ನಾವೇ ನೋಡಬೇಕು. ಟ್ಯಾಂಕಿನಲ್ಲಿ ಪೆಟ್ರೋಲ್ ಸುಮ್ನೆ ಕೂತಿದ್ದರೂ ಆವಿ ಏಳುತ್ತಲೇ ಇರುತ್ತದೆ. ಅದನ್ನು ಹೊರಗೆ ಬಿಡಬಾರದು. ಹಾಗಾಗಿ ಇದ್ದಿಲು ತುಂಬಿದ ಡಬ್ಬಿಯೊಂದು, ಅಂದರೆ ಕ್ಯಾನಿಸ್ಟರ್, ಅದನ್ನು ಹೀರಿ ಇಟ್ಟುಕೊಳ್ಳುತ್ತದೆ. ಎಂಜಿನ್ ಓಡುವಾಗ ಪರ್ಜ್ ವಾಲ್ವ್ ತೆರೆದು, ಆ ಆವಿ ಎಂಜಿನ್ನಿಗೆ ಹೋಗಿ ಉರಿಯುತ್ತದೆ. ವೆಂಟ್ ವಾಲ್ವ್ ಕಡೆಯಿಂದ ಹೊಸ ಗಾಳಿ ಒಳಗೆ ಬರುತ್ತದೆ. ಇದೆಲ್ಲಾ ಸೇರಿದ್ದೇ ಇವಾಪ್ ಸಿಸ್ಟಮ್. ಪರ್ಜ್ ಸಾಮಾನ್ಯವಾಗಿ ಮುಚ್ಚಿರುತ್ತದೆ, ವೆಂಟ್ ತೆರೆದಿರುತ್ತದೆ. ಇದಿಷ್ಟು ನೆನಪಿದ್ದರೆ ಅರ್ಧ ರೋಗ ಪತ್ತೆಯಾದ ಹಾಗೆ.

"ಲೀಕ್ ಇದೆ ಅಂತ ಕಾರಿಗೆ ಹೇಗೆ ಗೊತ್ತಾಗುತ್ತೆ?" ಎಂದ ಮಂಜ.

"ಜಾಸ್ತಿ ಕಾರುಗಳಲ್ಲಿ ವೆಂಟ್ ಮುಚ್ಚಿ, ಎಂಜಿನ್ ಕೈಲಿ ಸ್ವಲ್ಪ ಗಾಳಿ ಎಳೆಸಿ, ಪರ್ಜ್ ಕೂಡ ಮುಚ್ಚಿ ಕಾಯುತ್ತೆ. ಒಳಗಿನ ಒತ್ತಡ ಹಾಗೇ ನಿಂತರೆ ಸರಿ. ಬದಲಾದರೆ ಎಲ್ಲೋ ತೂತು. ಪಿ0456 ಅಂದರೆ ಸುಮಾರು ಅರ್ಧ ಮಿಲಿಮೀಟರ್ ತೂತು. ಪಿ0442 ಅಂದರೆ ಒಂದು ಮಿಲಿಮೀಟರ್. ಪಿ0455 ಅಂದರೆ ದೊಡ್ಡದು."

ಅರ್ಧ ಮಿಲಿಮೀಟರ್! ನಮ್ಮ ಮನೆ ಸೂರು ಮಳೆಗಾಲ ಪೂರ್ತಿ ಸೋರುತ್ತದೆ, ಯಾವ ಲೈಟೂ ಹತ್ತುವುದಿಲ್ಲ.

ಪೆಟ್ರೋಲ್ ಟ್ಯಾಂಕಿನ ಮುಚ್ಚಳದಿಂದ ಶುರು ಮಾಡಿ ಎಂದಳು ವತ್ಸಲಾ. ಬಿಚ್ಚಿ ನೋಡಿದರೆ ರಬ್ಬರ್ ವಾಷರ್ ಒಣಗಿ, ಸುತ್ತಲೂ ಸಣ್ಣ ಸಣ್ಣ ಬಿರುಕು. ಸರಿ, ಅದೇ ಕಳ್ಳ. ಹೊಸ ಮುಚ್ಚಳ ತರಿಸಿದೆ. ಶೀನ ತಾನೇ ಹಾಕಿ, ಕೋಡ್ ಅಳಿಸಿ, ಲೈಟ್ ಆರಿಸಿ, ಆಪರೇಷನ್ ಮುಗಿಸಿದ ಡಾಕ್ಟರ್ ಥರ ಕೈ ಒರೆಸಿಕೊಂಡ.

ನಾಲ್ಕನೇ ದಿನ ಲೈಟ್ ಮತ್ತೆ ಹತ್ತಿತು.

"ಮುಚ್ಚಳ ಅಲ್ಲ ಅಂತಾಯ್ತು. ಪರ್ಜ್ ವಾಲ್ವೇ, ನೂರಕ್ಕೆ ನೂರು" ಎಂದ ಶೀನ. ಸ್ಕ್ಯಾನರ್ ಹಾಕೋಣ ಎಂದೆ. "ಅದೇ ಲೈಟ್ ಅಲ್ವಾ, ಮತ್ತೆ ಏನು ನೋಡೋದು?" ಎಂದ. ನನಗೂ ಸರಿ ಅನ್ನಿಸಿತು. ಪರ್ಜ್ ವಾಲ್ವ್ ತರಿಸಿಬಿಟ್ಟೆ. ಅದು ಇವತ್ತಿಗೂ ಕಪಾಟಿನಲ್ಲಿದೆ, ಡಬ್ಬಿ ಕೂಡ ಒಡೆದಿಲ್ಲ.

ಯಾಕೆಂದರೆ ಅಷ್ಟರಲ್ಲಿ ವತ್ಸಲಾ ಬಂದು, ಎಂಜಿನ್ ಚಾಲೂ ಇಟ್ಟು, ಪರ್ಜ್ ವಾಲ್ವಿಗೆ ಕ್ಯಾನಿಸ್ಟರ್ ಕಡೆಯಿಂದ ಬರುವ ಪೈಪ್ ಕಿತ್ತು, "ಹೆಬ್ಬೆರಳು ಇಡು" ಎಂದಳು.

ಇಟ್ಟೆ.

"ಎಳೀತಾ ಇದೆಯಾ?"

"ಇಲ್ಲ."

"ವಾಲ್ವ್ ಸರಿಯಾಗಿ ಮುಚ್ಚಿದೆ. ಕಾರು ನಿಂತಲ್ಲೇ ಎಂಜಿನ್ ಓಡ್ತಿದೆ, ಆವಿ ಎಳೆಯೋ ಕೆಲಸ ಈಗ ನಡೀತಾ ಇಲ್ಲ, ಆಗಲೂ ಎಳೆದರೆ ವಾಲ್ವ್ ತೆರೆದೇ ಸಿಕ್ಕಿಕೊಂಡಿದೆ ಅಂತ ಅರ್ಥ. ಆಗ ಪೆಟ್ರೋಲ್ ಹಾಕಿಸಿದ ಕೂಡಲೇ ಕಾರು ಸ್ಟಾರ್ಟ್ ಆಗೋಕೆ ಸತಾಯಿಸುತ್ತೆ, ಟ್ಯಾಂಕಿನ ಆವಿ ಎಲ್ಲಾ ಎಂಜಿನ್ನಿಗೆ ನುಗ್ಗುತ್ತಲ್ಲ. ನಿನ್ನ ಕಾರಿಗೆ ಹಾಗೆ ಆಗ್ತಿತ್ತಾ?"

ಆಗ್ತಿರಲಿಲ್ಲ. ಯಾರೂ ಕೇಳಿರಲೂ ಇಲ್ಲ. ಶೀನ ಬಾನೆಟ್ಟಿನ ಇನ್ನೊಂದು ಮೂಲೆಯನ್ನು ಆಸಕ್ತಿಯಿಂದ ನೋಡುತ್ತಿದ್ದ.

"ಪಂಪು ಟಕ್ ಅಂತ ನಿಂತ ಮೇಲೂ ಒತ್ತಿ ಒತ್ತಿ ತುಂಬಿಸ್ತೀಯಾ?"

"ರೌಂಡ್ ಫಿಗರ್ ಬರಲಿ ಅಂತ..."

"ಜಾಸ್ತಿ ತುಂಬಿದರೆ ಪೆಟ್ರೋಲ್ ಕ್ಯಾನಿಸ್ಟರಿಗೇ ಹರಿಯುತ್ತೆ. ಅದು ಆವಿ ಹೀರೋಕೆ ಇರೋದು, ಪೆಟ್ರೋಲ್ ಕುಡಿಯೋಕಲ್ಲ. ಒಮ್ಮೆ ನೆನೆದರೆ ಕಥೆ ಮುಗೀತು."

ರೌಂಡ್ ಫಿಗರ್ ಹುಚ್ಚು ಅವತ್ತಿಗೆ ಬಿಟ್ಟಿತು.

ಇಲ್ಲಿ ಮಂಜ ಒಂದು ಕಥೆ ತೆಗೆದ. "ಇದರಲ್ಲಿ ಜೇಡವೂ ಇರಬಹುದು" ಎಂದ. ನಾವು ನಕ್ಕೆವು. ಸಾಮಾನ್ಯವಾಗಿ ಮಂಜ ಹೇಳಿದ್ದರಲ್ಲಿ ಮುಕ್ಕಾಲು ಪಾಲು ಬಿಡಬೇಕು. ಆದರೆ ಇದು ನಿಜವಂತೆ, ವತ್ಸಲಾನೇ ಹೌದೆಂದಳು. 2011ರಲ್ಲಿ ಮಜ್ದಾ ಕಂಪನಿ ಉತ್ತರ ಅಮೆರಿಕದಲ್ಲಿ ಸುಮಾರು 65,000 ಮಜ್ದಾ 6 ಕಾರುಗಳನ್ನು ವಾಪಸ್ ಕರೆಸಿಕೊಂಡಿತು, ಕಾರಣ ಜೇಡ. ಒಂದು ಜಾತಿಯ ಹಳದಿ ಜೇಡಕ್ಕೆ ಪೆಟ್ರೋಲ್ ವಾಸನೆ ಅಂದರೆ ಪ್ರಾಣವಂತೆ. ಅದು ಹೋಗಿ ಹೋಗಿ ಕ್ಯಾನಿಸ್ಟರಿನ ವೆಂಟ್ ಪೈಪಿನಲ್ಲೇ ಬಲೆ ಕಟ್ಟಿತು. ಗಾಳಿ ಒಳಗೆ ಬರಲು ದಾರಿ ಇಲ್ಲ, ಎಂಜಿನ್ ಮಾತ್ರ ಎಳೆಯುತ್ತಲೇ ಇದೆ, ಟ್ಯಾಂಕ್ ಒಳಕ್ಕೆ ಎಳೆದುಕೊಂಡು ಬಿರುಕು ಬಿಡುವ ಅಪಾಯ. ಜೇಡ ನುಗ್ಗದಿರಲಿ ಎಂದು ಸ್ಪ್ರಿಂಗ್ ಹಾಕಿ ಕೊಟ್ಟರು. 2014ರಲ್ಲಿ ಮತ್ತೆ 42,000 ಕಾರು ವಾಪಸ್. ಜೇಡವೇ, ಇನ್ನೊಮ್ಮೆ.

"ಅಷ್ಟು ದೊಡ್ಡ ಕಂಪನಿಯ ಎಂಜಿನಿಯರುಗಳೆಲ್ಲಾ ಜೇಡದ ಹಿಂದೆ ಓಡಿದರಾ!" ಶೀನನಿಗೆ ಭಾರಿ ಸಮಾಧಾನವಾಯಿತು. ತನ್ನ ತಪ್ಪು ಇದಕ್ಕಿಂತ ಸಣ್ಣದು ಎಂದುಕೊಂಡನೋ ಏನೋ.

ಮುಂದಿನ ಹೆಜ್ಜೆ ಹೊಗೆ. ಪೈಪುಗಳಿಗೆ ಹೊಗೆ ಬಿಟ್ಟು ಎಲ್ಲಿಂದ ಹೊರಬರುತ್ತದೆ ಎಂದು ನೋಡುವುದು. ಶೀನನಿಗೆ ಹುರುಪು ಬಂತು. "ಟಯರಿಗೆ ಗಾಳಿ ಹೊಡೆಯೋ ಕಂಪ್ರೆಸರ್ ಇದೆ, ತರಲಾ?" ವತ್ಸಲಾ ಅವನನ್ನು ನೋಡಿದ ರೀತಿಗೆ ನಾನಾಗಿದ್ದರೆ ಮನೆಗೆ ಹೋಗುತ್ತಿದ್ದೆ. ಈ ಸಿಸ್ಟಮ್ ತಡೆಯುವುದು ಒಂದು ಪಿಎಸ್ಐಗಿಂತ ಕಡಿಮೆ ಒತ್ತಡವನ್ನು. ಟಯರಿಗೆ ಬೇಕಾದದ್ದು ಮೂವತ್ತರ ಮೇಲೆ. ಅದೂ ಅಲ್ಲದೆ ಪೆಟ್ರೋಲ್ ಆವಿ ಇರುವ ಟ್ಯಾಂಕಿಗೆ ಬರೀ ಗಾಳಿ ತುಂಬುವುದು ಅಂದರೆ ಬಾಂಬು ಕಟ್ಟಿದ ಹಾಗೆ.

"ಹಾಗಾದರೆ ಮೂರು ಸಿಗರೇಟು ಸೇದಿ ಪೈಪಿಗೆ ಊದ್ತೀನಿ."

"ಊದು. ನಾವು ಆಚೆ ರಸ್ತೆಯಿಂದ ನೋಡ್ತೀವಿ."

ಕೊನೆಗೆ ಅವಳೇ ಸ್ಮೋಕ್ ಮಷಿನ್ ತಂದಳು. ನೈಟ್ರೋಜನ್ ಜೊತೆ ಎಣ್ಣೆಯ ಹೊಗೆ ಬೆರೆಸಿ ಮೆಲ್ಲಗೆ ಬಿಡುತ್ತದೆ. ಬಿಟ್ಟ ಸ್ವಲ್ಪ ಹೊತ್ತಿಗೆ ಕಾರಿನ ಹಿಂದಿನಿಂದ ಬಿಳಿ ಹೊಗೆ ಎದ್ದಿತು. ಶೀನ "ಸಿಕ್ತು! ಸಿಕ್ತು!" ಎಂದು ಕುಣಿದ.

"ಅದು ವೆಂಟ್ ಕಣೋ. ತೆರೆದೇ ಇರೋ ಬಾಯಿ. ಅಲ್ಲಿಂದ ಬರಲೇಬೇಕು. ಬಂತು ಅಂದರೆ ಅಲ್ಲಿ ಜೇಡ ಇಲ್ಲ."

ಇನ್ನು ವೆಂಟ್ ಮುಚ್ಚಬೇಕು, ಅದಕ್ಕೆ ಸ್ಕ್ಯಾನರಿನಿಂದ ಆರ್ಡರ್ ಕೊಡಬೇಕು. ಶೀನನ ಸ್ಕ್ಯಾನರಿಗೆ ಅಷ್ಟು ವಿದ್ಯೆ ಇರಲಿಲ್ಲ. ವತ್ಸಲಾ ತನ್ನದನ್ನು ಸಿಕ್ಕಿಸಿದಳು. ಪರದೆ ನೋಡಿದವಳೇ ಸುಮ್ಮನಾದಳು.

"ಏನಂದಿರಿ ಆವತ್ತು? ಪಿ0456 ತಾನೆ?"

"ಹೌದು."

"ಇಲ್ಲಿ ಪಿ0455 ಇದೆ. ದೊಡ್ಡ ಲೀಕ್. ಇದು ಆವತ್ತಿನ ಕಾಯಿಲೆಯೇ ಅಲ್ಲ. ಮುಚ್ಚಳ ಬದಲಿಸಿದ ಮೇಲೆ ಹುಟ್ಟಿದ್ದು."

ಲೈಟ್ ಒಂದೇ, ನಿಜ. ಆದರೆ ಎಷ್ಟು ಕಾಯಿಲೆಗೆ ಅದೊಂದೇ ಲೈಟ್! ಎರಡನೇ ಸಲ ಒಂದೇ ಒಂದು ನಿಮಿಷ ಕೋಡ್ ನೋಡಿದ್ದರೆ ಪರ್ಜ್ ವಾಲ್ವ್ ಕಪಾಟು ಸೇರುತ್ತಿರಲಿಲ್ಲ. ನಾಲ್ಕು ದಿನ ಲೈಟ್ ಹತ್ತದೆ ಇದ್ದದ್ದೂ ರಿಪೇರಿಯ ಗುಣವಲ್ಲವಂತೆ. ಎಂಜಿನ್ ತಣ್ಣಗಿರಬೇಕು, ಟ್ಯಾಂಕ್ ತೀರಾ ಖಾಲಿಯೂ ಇರಬಾರದು, ತೀರಾ ತುಂಬಿಯೂ ಇರಬಾರದು, ಅದೆಲ್ಲಾ ಕೂಡಿಬಂದರೇ ಕಾರು ಈ ಪರೀಕ್ಷೆ ಮಾಡುವುದು. ಅಲ್ಲಿಯವರೆಗೆ ನಾವು ಲೈಟ್ ಅಳಿಸಿದ್ದೇವೆ ಅಷ್ಟೇ.

ವೆಂಟ್ ಮುಚ್ಚಿತು. ಈಗ ಹೊಗೆ ಹಿಂದೆ ಬರಲಿಲ್ಲ, ಕೆಳಗೂ ಬರಲಿಲ್ಲ. ಪೆಟ್ರೋಲ್ ಹಾಕುವ ಕಡೆಯ ಸಣ್ಣ ಬಾಗಿಲ ಸಂದಿಯಿಂದ, ಊದಿನಕಡ್ಡಿ ಹೊಗೆಯ ಹಾಗೆ ತೆಳ್ಳಗೆ, ನೆಟ್ಟಗೆ ಎದ್ದಿತು. ಬಾಗಿಲು ತೆಗೆದೆವು. ಹೊಸ ಮುಚ್ಚಳ, ಗಟ್ಟಿಯಾಗಿಯೇ ತಿರುಗಿಸಿದ್ದಾರೆ. ಆದರೆ ಮುಚ್ಚಳ ಕಳೆದುಹೋಗದಿರಲಿ ಎಂದು ಕಟ್ಟಿರುವ ಪ್ಲಾಸ್ಟಿಕ್ ದಾರ ಇದೆಯಲ್ಲ, ಅದು ಮುಚ್ಚಳಕ್ಕೂ ಕೊಳವೆಗೂ ನಡುವೆ ಸಿಕ್ಕಿಕೊಂಡು, ರಬ್ಬರನ್ನು ಒಂದು ಕಡೆ ಎತ್ತಿ ಹಿಡಿದಿತ್ತು.

ವತ್ಸಲಾ ಮುಚ್ಚಳ ಬಿಚ್ಚಿ, ದಾರ ಪಕ್ಕಕ್ಕೆ ಸರಿಸಿ, ಟಿಕ್ ಟಿಕ್ ಅನ್ನುವವರೆಗೆ ತಿರುಗಿಸಿದಳು. ಹೊಗೆ ನಿಂತಿತು.

"ಆವತ್ತು ಇದನ್ನ ಹಾಕಿದ್ದು ಯಾರು?" ಎಂದ ಮಂಜ, ಗೊತ್ತಿದ್ದೂ.

ತಿರುಗಿ ನೋಡಿದರೆ ಶೀನ ಟಾರ್ಚ್ ಹಿಡಿದು ಅರ್ಧ ಕಾರಿನ ಕೆಳಗೆ ಹೋಗಿಬಿಟ್ಟಿದ್ದ. ಕಾಲು ಮಾತ್ರ ಹೊರಗೆ.

"ಎಲ್ಲಾದರೂ ಜೇಡ ಇದೆಯಾ ನೋಡ್ತಾ ಇದ್ದೀನಿ" ಎಂದ.