ತಾಳುವ ವೋಲ್ಟೇಜ್, ಬಾಳುವ ವೋಲ್ಟೇಜ್: ‘ಸೇಫ್ ಲಿಮಿಟ್’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ, ಬಿಡಿಸಿಕೊಡಿ.

ನನ್ನ ತಂಗಿಯ ಮಗ ಹಳೆಯ ಡೆಸ್ಕ್‌ಟಾಪ್ ಒಂದನ್ನು ಓವರ್‌ಕ್ಲಾಕ್ ಮಾಡಿಕೊಂಡಿದ್ದಾನೆ, ಅಂದರೆ ಕಂಪನಿ ಗೊತ್ತುಮಾಡಿದ್ದಕ್ಕಿಂತ ಹೆಚ್ಚಿನ ವೇಗಕ್ಕೆ ಏರಿಸಿದ್ದಾನೆ. ಒಳಗಿರುವುದು ಇಂಟೆಲ್‌ನ ಐ5-2500ಕೆ, 2011ರ ಪ್ರೊಸೆಸರ್. 3.3 ಗಿಗಾಹರ್ಟ್ಸ್‌ನದನ್ನು 4.6ಕ್ಕೆ ಏರಿಸಿ, ಬಯಾಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್‌ಗಳ ಪುಟ) ವೋಲ್ಟೇಜನ್ನು 1.45ಕ್ಕೆ ಕೂರಿಸಿದ್ದ. ಹತ್ತು ತಿಂಗಳು ಚೆನ್ನಾಗಿ ಓಡಿತು. ಆಮೇಲೆ ಆಟದ ನಡುವೆ ಕಂಪ್ಯೂಟರ್ ನಿಂತುಹೋಗಿ ನೀಲಿ ಪರದೆ. ಮೊದಲು ವಾರಕ್ಕೊಂದು ಸಲ, ಈಗ ದಿನಕ್ಕೆರಡು ಸಲ. ಫೋನ್ ಮಾಡಿ, “ಮಾವ, 1.52 ತನಕ ಸುರಕ್ಷಿತ ಮಿತಿ ಅಂತ ಇಂಟೆಲ್‌ನವರೇ ಬರೆದಿದಾರೆ. ನಾನು ಅದರೊಳಗೇ ಇದ್ದೆ. ಆದ್ರೂ ಯಾಕೆ ಹೀಗಾಯ್ತು?” ಅಂದ.

ಅವನ ಗೆಳೆಯರಿಗೂ ಆಗಲಿ ಅಂತ ಕನ್ನಡದಲ್ಲಿ ಒಂದು ಟಿಪ್ಪಣಿ ಬರೆಯಲು ಕೂತೆ. ಬರೆಯುತ್ತಾ ಹೋದಂತೆ ಅರ್ಧ ತಪ್ಪು ‘ಮಿತಿ’ ಎಂಬ ಪದದ್ದೇ ಅನ್ನಿಸಿತು.

ಆ 1.52 ಸುಳ್ಳಲ್ಲ. ಆ ಪ್ರೊಸೆಸರ್ ಬಗ್ಗೆ ಇಂಟೆಲ್ ಕೊಟ್ಟ ತಾಂತ್ರಿಕ ಕಡತದಲ್ಲಿ 0.25ರಿಂದ 1.52 ವೋಲ್ಟ್ ಎಂದು ಇದ್ದೇ ಇದೆ. ಆದರೆ ಅದು ಪ್ರೊಸೆಸರ್ ತನಗೆ ಇಷ್ಟು ಕೊಡು ಎಂದು ಮದರ್‌ಬೋರ್ಡನ್ನು ಕೇಳಬಹುದಾದ ಅಂಕಿಗಳ ಸಾಲು. ಸ್ಕೂಟರಿನ ಮೀಟರಿನಲ್ಲಿ 120 ತನಕ ಬರೆದಿರುತ್ತೆ. ಬರೆದಿದೆ ಅಂತ ದಿನಾ ಅಷ್ಟರಲ್ಲೇ ಓಡಿಸುತ್ತೇವಾ?

ಹಾಗಾಗಿ ನನ್ನ ಟಿಪ್ಪಣಿಯಲ್ಲಿ ‘ಮಿತಿ’ಯನ್ನು ಒಡೆದು ಮೂರು ಮಾಡಿಕೊಂಡಿದ್ದೇನೆ. ಪ್ರೊಸೆಸರ್ ಕೇಳುವ ವೋಲ್ಟೇಜ್. ತಕ್ಷಣ ಸುಡದೆ ತಾಳುವ ವೋಲ್ಟೇಜ್. ವರ್ಷಗಟ್ಟಲೆ ದಿನಾ ಓಡಿದರೂ ಕೆಡದೆ ಬಾಳುವ ವೋಲ್ಟೇಜ್. ಓವರ್‌ಕ್ಲಾಕ್ ಮಾಡುವವರಿಗೆ ಬೇಕಾದದ್ದು ಮೂರನೆಯದು. ಅವರು ಓದಿಕೊಳ್ಳುವುದು ಮಾತ್ರ ಮೊದಲನೆಯದು ಇಲ್ಲವೇ ಎರಡನೆಯದು. ‘ತಾಳಿದವನು ಬಾಳಿಯಾನು’ ಅನ್ನುವ ಗಾದೆ ಇಲ್ಲಿ ಕೈಕೊಡುತ್ತದೆ ನೋಡಿ. ಹುಡುಗನ ಪ್ರೊಸೆಸರ್ 1.45ನ್ನು ತಾಳಿತು, ಬಾಳಲಿಲ್ಲ.

ಯಾಕೆ ಅಂದರೆ, ಒಳಗೆ ಆಗುವುದು ಸವೆತ. ಕೂದಲಿಗಿಂತ ಎಷ್ಟೋ ಪಟ್ಟು ತೆಳ್ಳಗಿನ ಲೋಹದ ದಾರಿಗಳಲ್ಲಿ ಕರೆಂಟು ಹರಿಯುವಾಗ, ಎಲೆಕ್ಟ್ರಾನುಗಳು ಲೋಹದ ಪರಮಾಣುಗಳನ್ನು ಚೂರುಚೂರೇ ತಳ್ಳುತ್ತಾ ಹೋಗುತ್ತವೆ. ಕರೆಂಟು ಹೆಚ್ಚಿದಷ್ಟೂ, ಬಿಸಿ ಹೆಚ್ಚಿದಷ್ಟೂ ಇದು ಜೋರು. ಬಿಸಿಯಂತೂ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತೆ: ಅದೇ ವೇಗದಲ್ಲಿ 1.2ರಿಂದ 1.4ಕ್ಕೆ ಹೋದರೆ ವೋಲ್ಟೇಜ್ ಏರಿದ್ದು ನೂರಕ್ಕೆ 17ರಷ್ಟು, ಉರಿಯುವ ವಿದ್ಯುತ್ತು ಮಾತ್ರ 36ರಷ್ಟು ಜಾಸ್ತಿ. ನಿನ್ನೆ ಸಾಕಾಗಿದ್ದ ವೋಲ್ಟೇಜ್ ಇವತ್ತು ಸಾಲದು ಅನ್ನಿಸುವುದೇ ಸವೆತದ ಗುರುತು. ಆಗ ಜನ ಮಾಡುವುದೇನು? ಇನ್ನೊಂಚೂರು ಏರಿಸುತ್ತಾರೆ. ‘ಡಿಗ್ರೇಡೇಶನ್’ಗೆ ‘ಕ್ಷೀಣತೆ’ ಅನ್ನುವುದಕ್ಕಿಂತ ಚಪ್ಪಲಿ, ಟೈರಿಗೆ ಹೇಳುವ ‘ಸವೆತ’ವೇ ನನಗೆ ಸರಿ ಕಾಣುತ್ತೆ.

(‘ವೋಲ್ಟೇಜ್’ ಬೇಡ, ‘ವಿಭವಾಂತರ’ ಬಳಸಿ ಅಂತ ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ. ಅದು ಹತ್ತನೇ ಕ್ಲಾಸಿನ ಪುಸ್ತಕದಲ್ಲೇ ಇರಲಿ. ನಮ್ಮಪ್ಪ ತೋಟದಿಂದ ಬಂದು “ವೋಲ್ಟೇಜೇ ಇಲ್ಲ, ಮೋಟರ್ ಸುಟ್ಟುಹೋಗುತ್ತೆ” ಅಂತಿದ್ದರು. ಒಂದು ಸಲವೂ ವಿಭವಾಂತರ ಇಲ್ಲ ಅಂದಿದ್ದಿಲ್ಲ. ಅಂದಹಾಗೆ, ಮೋಟರಿನ ಅನುಭವ ಇಲ್ಲಿ ತಿರುಗುಮುರುಗು. ವೋಲ್ಟೇಜ್ ಕಮ್ಮಿಯಾದರೆ ಮೋಟರ್ ಕರೆಂಟು ಜಾಸ್ತಿ ಎಳೆದು ಸುಡುತ್ತೆ. ಪ್ರೊಸೆಸರ್ ಸುಮ್ನೆ ನಿಂತುಹೋಗುತ್ತೆ, ಅಷ್ಟೇ. ಮತ್ತೆ ಶುರು ಮಾಡಿದರಾಯಿತು.)

ಈಗ ನನ್ನ ವ್ಯಾಕರಣದ ತೊಡಕು. ‘ತಾಳುವ ವೋಲ್ಟೇಜ್’ ಸರಿಯಾಗಿದೆ. ಪ್ರೊಸೆಸರ್ ವೋಲ್ಟೇಜನ್ನು ತಾಳುತ್ತೆ. ‘ಬಾಳುವ ವೋಲ್ಟೇಜ್’ ಅಂದಾಗ ಬಾಳುವುದು ಯಾರು? ವೋಲ್ಟೇಜೇ ಬಾಳಿದ ಹಾಗೆ ಕೇಳುತ್ತೆ, ‘ಕೂಗುವ ಹುಂಜ’ದ ಥರ. ಆದರೆ ‘ಮಲಗುವ ಕೋಣೆ’ ಅಂದಾಗ ಕೋಣೆ ಮಲಗುವುದಿಲ್ಲ, ‘ಕೂರುವ ಮಣೆ’ ಅಂದಾಗ ಮಣೆ ಕೂರುವುದಿಲ್ಲ. ಆ ದಾರಿಯಲ್ಲಿ ‘ಬಾಳುವ ವೋಲ್ಟೇಜ್’ ನಡೆಯಬೇಕು ಅಂತ ನನ್ನ ವಾದ. ಮನೆಯಲ್ಲಿ ಓದಿ ತೋರಿಸಿದರೆ ನಕ್ಕರು. ‘ಬಾಳಿಕೆ ವೋಲ್ಟೇಜ್’ ಮಾಡಲೇ? ‘ಬಾಳಿಕೆ ಬರುತ್ತೆ’ ಅನ್ನುವ ಮಾತು ಪಾತ್ರೆ ಅಂಗಡಿಯಲ್ಲೂ ಇದೆ, ಎಲ್ಲರಿಗೂ ಗೊತ್ತು.

ಇನ್ನೊಂದು ಬಗೆಯ ಮಿತಿಯೂ ಇದೆ. ಇಂಟೆಲ್‌ನ 13, 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಬೇಕಾದ್ದಕ್ಕಿಂತ ಜಾಸ್ತಿ ವೋಲ್ಟೇಜ್ ತಾವೇ ಕೇಳಿ ಪಡೆದು ಸವೆದವು. 2024ರ ಆಗಸ್ಟಿನಲ್ಲಿ ಬಂದ ಮೈಕ್ರೋಕೋಡ್ (ಪ್ರೊಸೆಸರ್ ಒಳಗೇ ಓಡುವ ಸಣ್ಣ ಸಾಫ್ಟ್‌ವೇರ್), ಅವು 1.55 ವೋಲ್ಟ್ ಮೀರಿ ಕೇಳದ ಹಾಗೆ ಮಾಡಿತು. ಅದಕ್ಕೂ ಮುಂಚೆ, 2023ರಲ್ಲಿ, ಇನ್ನೊಂದು ಪ್ರೊಸೆಸರ್ ಕಂಪನಿಯಾದ ಎಎಂಡಿ ತನ್ನ ರೈಜನ್ 7000 ಪ್ರೊಸೆಸರ್‌ಗಳ ಎಸ್‌ಒಸಿ ವೋಲ್ಟೇಜನ್ನು (ಮೆಮೊರಿಯನ್ನು ನೋಡಿಕೊಳ್ಳುವಂಥ ಭಾಗಗಳಿಗೆ ಹೋಗುವ ವೋಲ್ಟೇಜ್) 1.3ಕ್ಕೆ ಕಟ್ಟಿಹಾಕಿತು. ಇದಕ್ಕೂ ‘ಮಿತಿ’ ಅಂದರೆ ಕಥೆ ಮತ್ತೆ ಗೋಜಲು. ನಾನು ‘ಲಗಾಮು’ ಅಂತ ಬರೆದಿದ್ದೇನೆ. ತೀರಾ ಕುದುರೆಗಾಡಿಯಾಯಿತಾ?

ಕೊನೆಗೆ ಒಂದು ಚಿಕ್ಕದು. ಬಯಾಸ್‌ನಲ್ಲಿ 1.35 ಕೂರಿಸಿದರೂ ಕೆಲಸದ ಭಾರ ಬಿದ್ದಾಗ 1.3ರ ಹತ್ತಿರ ಇಳಿಯಬಹುದು. ಇಳಿಯದಂತೆ ತೀರಾ ಬಿಗಿ ಮಾಡಿಟ್ಟರೆ, ಭಾರ ಹೋದ ಕ್ಷಣ ಕೂರಿಸಿದ್ದಕ್ಕಿಂತ ಮೇಲಕ್ಕೆ ನೆಗೆಯುತ್ತೆ. ಆ ನೆಗೆತ ಎಷ್ಟು ಬೇಗ ಮುಗಿಯುತ್ತೆಂದರೆ ಪರದೆಯ ಮೇಲಿನ ಅಂಕಿಯಲ್ಲಿ ಕಾಣುವುದೇ ಇಲ್ಲ. ಈ ಎರಡಕ್ಕೆ ‘ಜಗ್ಗು’, ‘ಚಿಮ್ಮು’ ಇಟ್ಟಿದ್ದೇನೆ. ‘ಜಗ್ಗು’ ಅಂದರೆ ಕೆಲವು ಕಡೆ ಎಳೆಯುವುದು ಅಂತಲೇ ಮೊದಲು ತಲೆಗೆ ಬರುತ್ತಂತೆ. ಧಾರವಾಡದ ಕಡೆಯವರು, ಮಂಗಳೂರಿನ ಕಡೆಯವರು ಹೇಳಬೇಕು: ಭಾರಕ್ಕೆ ಬಗ್ಗಿದ ಅಟ್ಟದ ಹಲಗೆಗೆ ನಿಮ್ಮಲ್ಲಿ ಏನಂತೀರಿ?

ಹುಡುಗ ಸದ್ಯಕ್ಕೆ 4.2ಕ್ಕೆ ಇಳಿದು 1.3ರಲ್ಲಿ ಓಡಿಸುತ್ತಿದ್ದಾನೆ. ಟಿಪ್ಪಣಿ ಯಾವಾಗ ಕಳಿಸ್ತೀಯ ಅಂತ ದಿನಾ ಕೇಳುತ್ತಾನೆ.