ಎಫ್ ಕೀ ಕೈಕೊಟ್ಟಿದೆ, ಒತ್ತಕ್ಷರವೇ ಬರುತ್ತಿಲ್ಲ – ಹಳೇ ಲ್ಯಾಪ್‌ಟಾಪ್‌ಗೆ ದುಡ್ಡು ಹಾಕಲಾ, ಬಿಡಲಾ?

ಸಾಗರದವ:
ಲ್ಯಾಪ್‌ಟಾಪ್ 2015ರಲ್ಲಿ ತಗೊಂಡಿದ್ದು. ನಡುವೆ ಎಸ್‌ಎಸ್‌ಡಿ ಹಾಕಿಸಿ ಹೇಗೋ ಓಡಿಸುತ್ತಿದ್ದೇನೆ. ಹದಿನೈದು ದಿನದಿಂದ ಎಫ್ ಕೀ ಹಟ ಹಿಡಿದಿದೆ, ಹತ್ತು ಸಲ ಒತ್ತಿದರೆ ಎರಡು ಸಲ ಬರುತ್ತದೆ, ಅದೂ ಹೆಬ್ಬೆರಳಲ್ಲಿ ಅದುಮಿದರೆ. ಬರೀ ಇಂಗ್ಲಿಷ್ ಆಗಿದ್ದರೆ ಹೇಗೋ ಸುಧಾರಿಸುತ್ತಿದ್ದೆ. ನಾನು ಹೊಡೆಯುವುದು ‘ನುಡಿ’ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ. ಅಲ್ಲಿ ಎಫ್ ಇಲ್ಲ ಅಂದರೆ ಒತ್ತು ಇಲ್ಲ. ಕನ್ನಡ ಅಂತ ಹೊಡೆದರೆ ಕನನಡ ಬರುತ್ತದೆ. ನಮ್ಮ ಸಹಕಾರ ಸಂಘದ ವಾರ್ಷಿಕ ವರದಿ ಅರ್ಧಕ್ಕೆ ನಿಂತಿದೆ, ಅಧ್ಯಕ್ಷರು ಹೋಗಿ ಅಧಯಕಷರು ಆಗಿ ಕೂತಿದ್ದಾರೆ.

ಅಂಗಡಿಯಲ್ಲಿ ಕೇಳಿದೆ. ಇದಕ್ಕೆ ಕೀಬೋರ್ಡ್ ಮಾತ್ರ ಬದಲಿಸೋಕೆ ಆಗಲ್ಲ, ಮೇಲಿನ ಪ್ಯಾನೆಲ್ ಸಮೇತ ಹಾಕಬೇಕು, 4,500 ಆಗುತ್ತೆ ಅಂದರು. ನಿಜವಾ ಇದು? ಒಂದು ಕೀಗೆ ಇಷ್ಟೊಂದಾ? (ಇದನ್ನು ಮೊಬೈಲ್‌ನಲ್ಲಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.)

ಸ್ಕ್ರೂಡ್ರೈವರ್:
ಅಂಗಡಿಯವರು ಸುಳ್ಳು ಹೇಳಿರಲಿಕ್ಕಿಲ್ಲ. ಹಳೇ ಕಾಲದ ದಪ್ಪ ಲ್ಯಾಪ್‌ಟಾಪ್‌ಗಳಲ್ಲಿ ಎರಡು ಮೂರು ಸ್ಕ್ರೂ ಬಿಚ್ಚಿದರೆ ಕೀಬೋರ್ಡ್ ಕೈಗೆ ಬರುತ್ತಿತ್ತು. ತೆಳ್ಳಗಿನವು ಬಂದ ಮೇಲೆ ಬಹಳಷ್ಟರಲ್ಲಿ ಅದನ್ನು ಮೇಲಿನ ಪ್ಯಾನೆಲ್‌ಗೇ ಪ್ಲಾಸ್ಟಿಕ್ ಕರಗಿಸಿ ಕೂರಿಸಿರುತ್ತಾರೆ. ಕಿತ್ತು ಹೊಸದು ಹಾಕುವವರೂ ಇದ್ದಾರೆ, ಆದರೆ ಆ ಮೇಲೆ ನಡು ಭಾಗ ಒತ್ತಿದಾಗ ಸ್ವಲ್ಪ ತಗ್ಗುತ್ತದೆ.

ದುಡ್ಡು ಕೊಡುವ ಮೊದಲು ಒಂದು ಕೆಲಸ ಮಾಡಿ. 4, ಆರ್, ವಿ ಈ ಮೂರು ಕೀ ಸರಿ ಇವೆಯಾ ನೋಡಿ. ಒಂದೊಂದು ಕೀಗೂ ಬೇರೆ ಬೇರೆ ತಂತಿ ಇರುವುದಿಲ್ಲ, ಅಡ್ಡಸಾಲು, ಕಂಬಸಾಲು ಅಂತ ಗೆರೆಗಳನ್ನು ಹಂಚಿಕೊಂಡಿರುತ್ತವೆ, ಬಹಳ ಮಾಡೆಲ್‌ಗಳಲ್ಲಿ ಎಫ್ ಸೇರಿ ಈ ನಾಲ್ಕೂ ಒಂದೇ ಗೆರೆಯವು. ಎಲ್ಲವೂ ಒಟ್ಟಿಗೆ ಹೋಗಿದ್ದರೆ ಗೆರೆ ಹಾಳಾಗಿದೆ ಅಥವಾ ಒಳಗಿನ ರಿಬ್ಬನ್ ಕೇಬಲ್ ಸಡಿಲ ಆಗಿದೆ. ಎಫ್ ಒಂದೇ ಆದರೆ ಅದರ ಕೆಳಗೇ ಏನೋ ಇದೆ.

ಇನ್ನೊಂದು, ಇದು ಮುಖ್ಯ. ಲ್ಯಾಪ್‌ಟಾಪ್ ಮುಚ್ಚಿ ಟೇಬಲ್ ಮೇಲಿಟ್ಟು ಬದಿಯಿಂದ ನೋಡಿ. ಕೆಳಗೆ ಆಡುತ್ತಿದೆಯಾ, ತೆರೆದು ನೋಡಿದರೆ ಟಚ್‌ಪ್ಯಾಡ್ ಮೇಲೆದ್ದಿದೆಯಾ? ಹಾಗಿದ್ದರೆ ಒಳಗೆ ಬ್ಯಾಟರಿ ಊದಿಕೊಂಡು ಕೀಬೋರ್ಡನ್ನು ತಳ್ಳುತ್ತಿರಬಹುದು. ಆಗ ಚಾರ್ಜ್ ಹಾಕಬೇಡಿ, ಆನ್ ಮಾಡಬೇಡಿ, ನೀವೇ ಕೆದಕಬೇಡಿ, ಬ್ಯಾಟರಿ ತೆಗೆಸಿ.

ಬೆಂಗಳೂರ್_ಬಸ್:
ಸರ್, ಸುಮ್ನೆ ತಲೆ ಕೆಡಿಸ್ಕೋಬೇಡಿ. ವಿಂಡೋಸ್‌ನಲ್ಲೇ ಇರುವ ಇನ್‌ಸ್ಕ್ರಿಪ್ಟ್ ಕೀಬೋರ್ಡ್‌ಗೆ ಬದಲಾಗಿ. ಅಲ್ಲಿ ಒತ್ತು ಡಿ ಮೇಲಿದೆ.

ಕಾಗುಣಿತ:
@ಬೆಂಗಳೂರ್_ಬಸ್ ಡಿ ಮೇಲಿದೆ ನಿಜ, ಆದರೆ ಎಫ್ ಮೇಲೆ ಏನಿದೆ ನೋಡಿದ್ರಾ? ಗುಡಿಸು! ಒತ್ತು ಸಿಕ್ಕಿತು ಅಂತ ಖುಷಿಪಡುವಷ್ಟರಲ್ಲಿ ಹಳ್ಳಿ ಹೋಗಿ ಹಳ್ಳ ಆಗುತ್ತದೆ.

ಸಾಗರದವರೇ, ಕ್ಯಾಪ್ಸ್ ಲಾಕನ್ನು ಎಫ್ ಮಾಡಿಕೊಳ್ಳಿ. ಕನ್ನಡ ಬರೆಯುವವನಿಗೆ ಆ ಕೀ ಇದ್ದೂ ಇಲ್ಲದಂತೆ, ಅಲ್ವಾ? ಶಾರ್ಪ್‌ಕೀಸ್ ಅಂತ ಪುಟ್ಟ ಪ್ರೋಗ್ರಾಂ ಇದೆ, ಪುಕ್ಕಟೆ. ಅದರಲ್ಲಿ ಹೊಂದಿಸಿ ಒಂದು ಸಲ ರೀಸ್ಟಾರ್ಟ್ ಮಾಡಿದರೆ ಆಯಿತು. ಮೈಕ್ರೋಸಾಫ್ಟ್‌ನವರದೇ ಪವರ್‌ಟಾಯ್ಸ್ ಅನ್ನೋ ಪ್ರೋಗ್ರಾಂನಲ್ಲೂ ಇದನ್ನು ಮಾಡಬಹುದು, ಆದರೆ ಅದು ಲಾಗಿನ್ ಆದ ಮೇಲಷ್ಟೇ ಕೆಲಸ ಮಾಡುತ್ತದೆ. ನಿಮ್ಮ ಪಾಸ್‌ವರ್ಡ್‌ನಲ್ಲಿ ಎಫ್ ಇದ್ದರೆ ಬಾಗಿಲಲ್ಲೇ ನಿಲ್ಲುತ್ತೀರಿ. ಶಾರ್ಪ್‌ಕೀಸ್ ಬದಲಾವಣೆ ವಿಂಡೋಸ್ ತನ್ನ ಸೆಟ್ಟಿಂಗ್ಸ್ ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಕೂರುತ್ತದೆ, ಲಾಗಿನ್ ಪರದೆಯಲ್ಲೂ ನಡೆಯುತ್ತದೆ.

ಸ್ಕ್ರೂಡ್ರೈವರ್:
ಕಾಗುಣಿತ ಹೇಳಿದ್ದು ಸರಿ. ಅದರ ಜೊತೆ ಕೀ ಕೆಳಗೂ ಒಮ್ಮೆ ನೋಡಿಬಿಡಿ. ಪವರ್ ಆಫ್ ಮಾಡಿ, ಹಳೇ ಎಟಿಎಂ ಕಾರ್ಡನ್ನು ಒಂದು ಮೂಲೆಗೆ ತೂರಿಸಿ ಮೆಲ್ಲಗೆ ಎತ್ತಿ. ಕೆಳಗೆ ಕತ್ತರಿ ಥರ ಎರಡು ಸಣ್ಣ ಪ್ಲಾಸ್ಟಿಕ್ ತುಂಡು, ನಡುವೆ ರಬ್ಬರ್ ಬಟ್ಟಲು ಇರುತ್ತದೆ. ಆ ಪ್ಲಾಸ್ಟಿಕ್ ಮುರಿದರೆ ಕೀ ಮತ್ತೆ ಕೂರುವುದಿಲ್ಲ, ಅವಸರ ಬೇಡ. ಹತ್ತಿಕಡ್ಡಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ, ಒಣಗಲು ಬಿಡಿ. ಸ್ಪೇಸ್ ಬಾರ್ ಮಾತ್ರ ಮುಟ್ಟಬೇಡಿ, ಅದರ ಕೆಳಗಿನ ತಂತಿ ಮತ್ತೆ ಕೂರಿಸುವಷ್ಟರಲ್ಲಿ ಜೀವ ಹೋಗುತ್ತದೆ. ಅಕ್ಕಿ ಡಬ್ಬದಲ್ಲಿ ಇಡಿ ಅಂತ ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ.

ಸಾಗರದವ:
ಎಲ್ಲರಿಗೂ ಥ್ಯಾಂಕ್ಸ್. 4, ಆರ್, ವಿ ಸರಿ ಇವೆ, ಬ್ಯಾಟರಿಯೂ ಚಪ್ಪಟೆ ಇದೆ. ಭಾನುವಾರ ಕೀ ಎತ್ತಿದೆ. ಒಳಗೆ ರಬ್ಬರ್ ಬಟ್ಟಲಿನ ಅಂಚಿಗೆ ಒಂದು ಸಾಸಿವೆ ಕಾಳು ಅಂಟಿಕೊಂಡಿತ್ತು, ಒಗ್ಗರಣೆಯದ್ದು, ಕಪ್ಪಗೆ. ಮಂಡಕ್ಕಿ ತಿನ್ನುತ್ತಾ ಟೈಪ್ ಮಾಡುವ ಚಾಳಿ ನನಗಿದೆ, ಒಪ್ಪಿಕೊಳ್ಳುತ್ತೇನೆ. ಒರೆಸಿ ಕೂರಿಸಿದೆ. ಈಗ ಹತ್ತಕ್ಕೆ ಎಂಟು ಸಲ ಬರುತ್ತದೆ, ಬಟ್ಟಲೇ ಸವೆದಿದೆ ಅಂತ ಕಾಣುತ್ತದೆ. ಹಾಗಾಗಿ ಶಾರ್ಪ್‌ಕೀಸ್‌ ಕೂಡ ಹಾಕಿಬಿಟ್ಟೆ. ಎರಡು ದಿನ ಕಿರುಬೆರಳು ತಡವರಿಸಿತು, ಈಗ ಒತ್ತಕ್ಷರ ಸಲೀಸಾಗಿ ಬೀಳುತ್ತಿದೆ, ಅಧ್ಯಕ್ಷರೂ ಸರಿಯಾದರು. 4,500 ಉಳಿಯಿತು.

ಆದರೆ ಮಗಳಿಗೆ ಹೇಳುವುದು ಮರೆತಿದ್ದೆ. ನಿನ್ನೆ ಅವಳು ಕಾಲೇಜಿನ ಯಾವುದೋ ಫಾರ್ಮ್ ತುಂಬಲು ಕೂತು, ಹೆಸರನ್ನು ದೊಡ್ಡ ಅಕ್ಷರದಲ್ಲಿ ಹೊಡೆಯಬೇಕು ಅಂತ ಕ್ಯಾಪ್ಸ್ ಲಾಕ್ ಒತ್ತಿದ್ದೇ ಒತ್ತಿದ್ದು. ಹೆಸರಿನ ಮುಂದೆ ಏಳು ಎಫ್ ಬಿದ್ದಿದ್ದವು.