ಸಹಾಯ ಬೇಕ್ರಿ: ಬೋರ್ ನೀರಿನ ನೈಟ್ರೇಟ್ ಮಾಡೆಲ್‌ದಾಗ ಮೈನಸ್ ಬರಾಕತ್ತೈತಿ

ಎಲ್ಲಾರಿಗೂ ನಮಸ್ಕಾರ್ರೀ, ನಾ ಧಾರವಾಡದಾಗ ಎಂ.ಟೆಕ್ ಮಾಡಾಕತ್ತೀನಿ, ಪ್ರಾಜೆಕ್ಟಿಗೆ ನಮ್ಮೂರ ಬೋರ್ ನೀರಾಗ ನೈಟ್ರೇಟ್ ಹೆಂಗ ಹರಡತೈತಿ ಅನ್ನೋದನ್ನ ಹಿಡದೀನಿ, ಊರು ಮುಂಡರಗಿ ಕಡೆ. ಅಲ್ಲೆ ಎಲ್ಲಾರೂ ಫ್ಲೋರೈಡ್ ಮಾತ ಆಡ್ತಾರ, ಅದು ಕಲ್ಲಿನಿಂದ ಕರಗಿ ಬರತೈತಿ, ನೈಟ್ರೇಟ್ ಹಂಗಲ್ಲ, ತಿಪ್ಪಿ, ಗೊಬ್ಬರ, ಪಾಯಖಾನಿ ಗುಂಡಿಯಿಂದ ಮ್ಯಾಲಿಂದ ಇಳೀತೈತಿ. ನಮ್ಮವ್ವ ದಿನಾ ಕೊಡ ತುಂಬೋ ಬೋರಿನ ನೀರು ಟೆಸ್ಟ್ ಮಾಡ್ಸಿದ್ರ ಲೀಟರಿಗೆ 62 ಮಿಲಿಗ್ರಾಂ ಬಂತ್ರಿ, ಇರಬೇಕಾದ್ದು 45ರ ಒಳಗ, ಆವತ್ತಿನಿಂದ ನಿದ್ದಿ ಇಲ್ಲ.

ನೆಲದಾಗಿನ ನೀರಿನ ಹರಿವು ಲೆಕ್ಕ ಹಾಕೋ ಮಾಡ್‌ಫ್ಲೋ ಪ್ರೋಗ್ರಾಂದಾಗ ಹರಿವು ಚಲೋ ಕುಂತೈತಿ, ನೀರಿನ ಮಟ್ಟಾನೂ ಹೊಂದತೈತಿ. ಅದರ ಮ್ಯಾಲೆ ಎಂಟಿತ್ರೀಡಿಎಂಎಸ್ (ನೀರಾಗ ಕರಗಿದ್ದು ಹೆಂಗ ಸಾಗತೈತಿ ಅಂತ ಲೆಕ್ಕ ಹಾಕೋ ಪ್ರೋಗ್ರಾಂ) ಓಡ್ಸಿದ್ರ ತಿಪ್ಪಿ ಮುಂದಿನ ಸೆಲ್‌ದಾಗ, ಅಂದ್ರ ಮಾಡೆಲ್ಲಿನ ಚೌಕದಾಗ, ನೈಟ್ರೇಟ್ ಮೈನಸ್ 3 ತೋರಸ್ತೈತಿ, ನೀರಾಗ ಕರಗಿದ್ದು ಸೊನ್ನಿಗಿಂತ ಕಡಿಮಿ ಹೆಂಗ ಇರತೈತ್ರಿ? ಸೆಲ್ 50 ಮೀಟರ್, ಡಿಸ್ಪರ್ಸಿವಿಟಿ (ಕರಗಿದ್ದು ಹರಿಯುವಾಗ ಎಷ್ಟು ಚದುರತೈತಿ ಅನ್ನೋ ಅಳತಿ) 5 ಮೀಟರ್, ಅಂದ್ರ ಪೆಕ್ಲೆ ನಂಬರ್ (ಸೆಲ್ ಅಳತಿ ಭಾಗಿಸು ಡಿಸ್ಪರ್ಸಿವಿಟಿ) 10 ಆತು, 2ರ ಒಳಗ ಇದ್ರ ಚಲೋ ಅಂತಾರ. ಸೆಲ್ 10 ಮೀಟರಿಗೆ ಇಳಿಸಿದ್ರ ಮೈನಸ್ ಹೋಗತೈತಿ, ಆದ್ರ ನನ್ನ ಲ್ಯಾಪ್‌ಟಾಪ್ ರಾತ್ರಿಯೆಲ್ಲಾ ಓಡಿದ್ರೂ ಮುಗಿಯಂಗಿಲ್ಲ. ಅಪ್‌ಸ್ಟ್ರೀಮ್ ಸ್ಕೀಮ್ (ನೀರು ಬರೋ ಕಡೆ ಸೆಲ್ಲಿನ ಬೆಲಿ ಹಿಡದು ಲೆಕ್ಕ ಹಾಕೋ ರೀತಿ) ಹಾಕಿದ್ರ ಮೈನಸ್ ಇಲ್ಲ ಖರೆ, ನೈಟ್ರೇಟಿನ ಅಂಚು ಮಾತ್ರ ಮಸಕಾಗಿ ಇಲ್ಲದ ಜಾಗಕ್ಕೂ ಹರಡತೈತಿ, ಆ ನಕಾಶಿ ತೋರಿಸಿ ಊರ ಮಂದಿಗೆ ಈ ಬೋರ್ ಕುಡೀರಿ ಆ ಬೋರ್ ಬ್ಯಾಡ ಅನ್ನಾಕ ನನಗ ಮನಸ್ಸು ಬರಂಗಿಲ್ಲ.

ಅಂಚು ಮಸಕಾಗದಂಗ ಲೆಕ್ಕ ಹಾಕೋ ಟಿವಿಡಿ ಸ್ಕೀಮ್ ಬಳಸಿದವ್ರು ಯಾರರ ಅದೀರೇನ್ರಿ? ಟೈಮ್ ಸ್ಟೆಪ್ ಎಷ್ಟ ಇಟ್ರಿ? ಇನ್ನೊಂದ್, ನಮ್ಮದು ಬಿರುಕು ಕಲ್ಲಿನ ನೆಲ, ನೀರು ಬಿರುಕಿನ್ಯಾಗ ಓಡತೈತಿ, ನೈಟ್ರೇಟ್ ಕಲ್ಲಿನ ಸಣ್ಣ ತೂತಿನ್ಯಾಗೂ ಸೇರ್ಕೊಂಡು ಆಮ್ಯಾಲ ನಿಧಾನಕ್ಕ ಹೊರಗ ಬರತೈತಿ, ಇದಕ್ಕ ಡ್ಯುಯಲ್ ಡೊಮೇನ್ (ಬಿರುಕು, ಕಲ್ಲಿನ ತೂತು ಎರಡನ್ನೂ ಬ್ಯಾರೆ ಬ್ಯಾರೆ ಲೆಕ್ಕ ಹಾಕೋದು) ಹಾಕಲೇಬೇಕೇನು? ಗೊತ್ತಿದ್ದವ್ರು ದಯಮಾಡಿ ಹೇಳ್ರಿ, ಇನ್‌ಪುಟ್ ಫೈಲ್ ಕಳಸ್ತೀನಿ.